ತಿರುವಿನಲ್ಲೇ ಫೋಟೊ ಏಕೆ?

ನಂದಿಬೆಟ್ಟದ ರಸ್ತೆಯ ತಿರುವುಗಳನ್ನು ಸ್ಟುಡಿಯೊ ಎಂದು ಯಾರು ಘೋಷಿಸಿದರೋ ತಿಳಿಯದು. ಬೇಸಿಗೆ ರಜೆಗೆಂದು ಮಕ್ಕಳನ್ನೂ ಸೈಕಲ್‌ಗಳನ್ನೂ ಕಾರಿಗೆ ಏರಿಸಿಕೊಂಡು ಹೋದ ನಮಗೆ, 1,478 ಮೀಟರ್ ಎತ್ತರದ ಬೆಟ್ಟಕ್ಕಿಂತ ತಿರುವಿನಲ್ಲಿ ಅಡ್ಡ ನಿಂತ ವಾಹನಗಳೇ ಹೆಚ್ಚು ಏದುಸಿರು ತರಿಸಿದವು. ಏರು ದಾರಿಯಲ್ಲಿ ಒಮ್ಮೆ ಕಾಲು ನೆಲಕ್ಕೆ ಊರಿದರೆ ಪುನಃ ಹೊರಡುವ ಕಷ್ಟ, ಎ.ಸಿ. ಹಾಕಿಕೊಂಡು ಕುಳಿತವರಿಗೆ ಏನು ಗೊತ್ತು? ಮಗಳು ಗೇರ್ ಇಳಿಸಿ, ಹಲ್ಲು ಕಚ್ಚಿಕೊಂಡು ತುಳಿಯುತ್ತಾ ಬಂದರೆ, ಅಲ್ಲೊಂದು ಕಾರಿನ ನಾಲ್ಕೂ ಬಾಗಿಲು ತೆರೆದಿವೆ. ಒಬ್ಬರು ಬಾನೆಟ್ ಮೇಲೆ ಕುಳಿತು ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಾರೆ, ಇನ್ನೊಬ್ಬರು ಕೋತಿಗೆ ಚಿಪ್ಸ್ ಎಸೆಯುತ್ತಿದ್ದಾರೆ. ಹಿಂದಿನವರ ಹಾರನ್ ಮಾತ್ರ ಸೈಕಲ್ಲಿನವರಿಗೆ! "ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ ಸಾರ್" ಎಂದರೆ "ಎರಡೇ ನಿಮಿಷ" ಎಂಬ ಉತ್ತರ. ಆ ಎರಡು ನಿಮಿಷ ಮುಗಿದದ್ದನ್ನು ಕಂಡವರಿಲ್ಲ.

ಕೋತಿಗಳದು ಇನ್ನೊಂದು ಕಥೆ. ರುಚಿ ಹತ್ತಿದ ಅವು ಹ್ಯಾಂಡಲ್‌ಗೆ ನೇತುಹಾಕಿದ ಚೀಲಕ್ಕೇ ಕೈ ಹಾಕುತ್ತವೆ. ನಮ್ಮ ಚಪಾತಿ ಪೊಟ್ಟಣ ಹಾಗೆಯೇ ಹೋಯಿತು.

ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು... ನೋಡುವುದಕ್ಕೆ, ಫೋಟೊ ತೆಗೆಯುವುದಕ್ಕೆ ಏನು ಕಡಿಮೆ? ಆದರೂ ಇವರಿಗೆ ತಿರುವೇ ಬೇಕು. ಬಾನೆಟ್ ಮೇಲೆ ಕೂರುವುದೇ ಉದ್ದೇಶವಾಗಿದ್ದರೆ ಮನೆಯ ಮುಂದೆಯೇ ಕೂರಬಹುದಿತ್ತಲ್ಲ, ಪೆಟ್ರೋಲಾದರೂ ಉಳಿಯುತ್ತಿತ್ತು.