ವರ್ಷವರ್ಷ ಕಂತೋ, ನಾಲ್ಕು ವರ್ಷಕ್ಕೊಮ್ಮೆ ಚುಕ್ತಾವೋ?

ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಷೈರ್‌ನಲ್ಲಿರುವ ರಾದರ್‌ಹ್ಯಾಮ್ ಬರೋ ಕೌನ್ಸಿಲ್‌ಗೆ 2015ರವರೆಗೆ ಸರದಿಯಂತೆ ಮೂರನೇ ಒಂದು ಭಾಗದಷ್ಟು ಸೀಟುಗಳಿಗೆ ಚುನಾವಣೆ ನಡೆಯುತ್ತಿತ್ತು. 2016ರಿಂದ ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸೀಟಿಗೂ ಒಟ್ಟಿಗೇ. ಈ ಬದಲಾವಣೆ ಸರಿಯೇ?

ಪರ

ಹಳೆಯ ಪದ್ಧತಿಯಲ್ಲಿ 21 ವಾರ್ಡು, ವಾರ್ಡಿಗೆ ಮೂವರು, ಒಟ್ಟು 63 ಸದಸ್ಯರು. ಒಂದು ಸಲಕ್ಕೆ ವಾರ್ಡಿಗೊಬ್ಬರಂತೆ 21 ಸೀಟಿಗೆ ಮತದಾನ. ಬಹುಮತಕ್ಕೆ ಬೇಕಾದದ್ದು 32. ಅಂದರೆ ಹೊಸ ಪಕ್ಷವೊಂದು 21ಕ್ಕೆ 21 ಬಾಚಿಕೊಂಡರೂ ಆ ವರ್ಷ ಅಧಿಕಾರ ಸಿಗದು. 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟವನ್ನು ವಿರೋಧಿಸುವ ಯುಕಿಪ್ ಪಕ್ಷ ಹತ್ತು ಸೀಟು ಗೆದ್ದಿತು. ಆಳುತ್ತಿದ್ದ ಲೇಬರ್ ಪಕ್ಷದ ಕುರ್ಚಿ ಅಲುಗಾಡಲೇ ಇಲ್ಲ. ಆಳುವವರಿಗೆ ಇದಕ್ಕಿಂತ ಮೆತ್ತನೆಯ ಹಾಸಿಗೆ ಬೇಕೆ?

ಅದೇ ವರ್ಷದ ಆಗಸ್ಟಿನಲ್ಲಿ ಬಂದ ಜೇ ವರದಿ (ಅಲೆಕ್ಸಿಸ್ ಜೇ ನಡೆಸಿದ ಸ್ವತಂತ್ರ ತನಿಖೆ), 1997ರಿಂದ 2013ರ ನಡುವೆ ಊರಿನಲ್ಲಿ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ತುತ್ತಾಗಿದ್ದರೆಂದು ಅಂದಾಜಿಸಿತು. 2015ರ ಫೆಬ್ರವರಿಯಲ್ಲಿ, ಸರ್ಕಾರ ನೇಮಿಸಿದ ಲೂಯಿಸ್ ಕೇಸಿಯವರ ತಪಾಸಣಾ ವರದಿ, ಈ ಕೌನ್ಸಿಲ್ ಕೆಲಸಕ್ಕೆ ಬಾರದ್ದು ಎಂದಿತು. ಸರ್ಕಾರ ಕಮಿಷನರ್‌ಗಳನ್ನು ಕಳಿಸಿ, ಇಡೀ ಕೌನ್ಸಿಲ್‌ಗೆ ಒಟ್ಟಿಗೆ ಚುನಾವಣೆ ನಡೆಸಲು ಆದೇಶಿಸಿತು. ಇದೇನೂ ಹೊಸ ಯೋಚನೆಯಲ್ಲ. ಚುನಾವಣಾ ಆಯೋಗ 2004ರಲ್ಲೇ ಇಡೀ ಇಂಗ್ಲೆಂಡಿಗೆ ಇದನ್ನು ಹೇಳಿತ್ತು. 2014ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಅಲ್ಲಿನ ಕೌನ್ಸಿಲ್ ಆಡಳಿತವನ್ನು ಪರಿಶೀಲಿಸಿದ ಕರ್ಸ್ಲೇಕ್ ವರದಿಯೂ ಹೇಳಿತು.

ಇನ್ನೊಂದು ಲಾಭವನ್ನು ಯಾರೂ ಗಮನಿಸುವುದಿಲ್ಲ. ಕಂತಿನ ಪದ್ಧತಿಗೆ ಎಲ್ಲ ವಾರ್ಡೂ ಮೂರು ಸೀಟಿನದೇ ಆಗಿರಬೇಕು, ಇಲ್ಲದಿದ್ದರೆ ಸರದಿ ತಪ್ಪುತ್ತದೆ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ಹಳ್ಳಿಗಳನ್ನೂ ಒಂದೇ ವಾರ್ಡಿಗೆ ತುರುಕಬೇಕಾಗುತ್ತದೆ. ಆ ಕಟ್ಟು ಬಿಚ್ಚಿದ ಮೇಲೆ, 2021ರ ಚುನಾವಣೆಗೆ 25 ವಾರ್ಡುಗಳಾದವು: 16ರಲ್ಲಿ ಇಬ್ಬರು, 9ರಲ್ಲಿ ಮೂವರು, ಒಟ್ಟು 59.

ವಿರೋಧ

ಜೇ ವರದಿ ಬರುವ ಮೂರು ತಿಂಗಳ ಮೊದಲು, 2014ರ ಮೇ ತಿಂಗಳಲ್ಲೇ, ಎಲ್ಲ 63 ಸೀಟಿಗೂ ಚುನಾವಣೆ ಮುಗಿದಿದ್ದರೆ? ಊರಿನವರು 2018ರವರೆಗೆ ಕೈಕಟ್ಟಿ ಕೂರಬೇಕಿತ್ತು. ಕಂತಿನ ಪದ್ಧತಿ ಇದ್ದುದರಿಂದಲೇ 2015ರ ಮೇ ತಿಂಗಳಲ್ಲಿ ಮತ್ತೆ ಮತ ಹಾಕುವ ಅವಕಾಶ ಸಿಕ್ಕಿತು. 1835ರ ಪುರಸಭಾ ಕಾನೂನು ಪ್ರತಿವರ್ಷ ಮೂರನೇ ಒಂದು ಭಾಗ ನಿವೃತ್ತಿಯಾಗಬೇಕೆಂದು ವಿಧಿಸಿದ್ದು ಸುಮ್ಮನೆ ಅಲ್ಲ.

ಒಂದೇ ಸಲ ಚುನಾವಣೆ ನಡೆಸಿದರೆ ಖರ್ಚು ಉಳಿಯುತ್ತದೆ ಎನ್ನುತ್ತಾರೆ, ಒಪ್ಪಿದೆವು. ಆದರೆ ಒಟ್ಟಿಗೆ ನಡೆಸಿದಾಗ ಮೂರು ಸೀಟಿನ ವಾರ್ಡಿನಲ್ಲಿ ಮತದಾರರಿಗೆ ಮೂರು ಮತ, ಹೆಚ್ಚು ಮತ ಬಿದ್ದ ಮೂವರಿಗೆ ಗೆಲುವು. ಎದುರಾಳಿಗಳ ಮತ ಹಂಚಿಹೋದರೆ ಶೇ. 40ರಷ್ಟು ಬೆಂಬಲವಿರುವ ಪಕ್ಷ ಮೂರನ್ನೂ ಬಳಿದುಕೊಳ್ಳುತ್ತದೆ. ಮೊದಲಿನಿಂದಲೂ ಒಟ್ಟಿಗೆ ಚುನಾವಣೆ ನಡೆಸುವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ ಲೇಬರ್ 2010, 2014, 2018ರಲ್ಲಿ 60ಕ್ಕೆ 60 ಗೆದ್ದಿತು. ವಿರೋಧ ಪಕ್ಷವೇ ಇಲ್ಲದ ಸಭೆ!

ಎಣಿಕೆಯ ಮೇಜಿಗೂ ಬನ್ನಿ. ಮತದಾರರು ಹಾಕಿದ ಮೂರು ಕತ್ತರಿ (×) ಗುರುತೂ ಒಂದೇ ಪಕ್ಷಕ್ಕಿರುವ ಮತಪತ್ರಗಳನ್ನು ಕಟ್ಟು ಕಟ್ಟಿ ಎಣಿಸಬಹುದು. ಇಲ್ಲೆರಡು ಅಲ್ಲೊಂದು ಹಾಕಿದವೇ ತಲೆನೋವು. ಉದ್ದನೆಯ ಅಂಟುಹಾಳೆಯ ಮೇಲೆ ಒಂದರ ಮೇಲೊಂದು ಸ್ವಲ್ಪ ಸರಿಸಿ, ಗುರುತಿನ ಅಂಕಣ ಮಾತ್ರ ಕಾಣುವಂತೆ ಅಂಟಿಸಿ, ಅಡ್ಡಡ್ಡಲಾಗಿ ಕೂಡಬೇಕು. ಎಣಿಕೆಯವರ ಬಾಯಲ್ಲಿ ಇದು ‘ಗ್ರಾಸ್ ಸ್ಕರ್ಟ್’ (ಹುಲ್ಲಿನ ಲಂಗ). ಸಾಲೊಂದು ತಪ್ಪಿದರೆ ಒಬ್ಬರ ಮತ ಇನ್ನೊಬ್ಬರಿಗೆ. ಮತಪತ್ರದಲ್ಲಿ ಹೆಸರುಗಳು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿರುವುದರಿಂದ, ಕೊನೆಯಲ್ಲಿರುವ ಅಭ್ಯರ್ಥಿ ಸ್ವಂತ ಪಕ್ಷದವರಿಗಿಂತಲೇ ಹಿಂದೆ ಬೀಳುವುದುಂಟು.

ಅಂದಹಾಗೆ, 2016ರಲ್ಲಿ ರಾದರ್‌ಹ್ಯಾಮ್‌ನಲ್ಲಿ 63ಕ್ಕೂ ಒಟ್ಟಿಗೆ ಮತ ಬಿದ್ದಾಗ ಲೇಬರ್‌ಗೆ ಬಂದದ್ದು 48.