600 ಎಂಎಂ ಲೆನ್ಸ್‌ಗೆ ಎಫ್/6.3 ಸಾಕು

ಹಕ್ಕಿ, ಕಾಡುಪ್ರಾಣಿ ಅಂತ ದೂರದ ಫೋಟೋ ತೆಗೆಯುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. 600 ಎಂಎಂ ಎಫ್/4 ಇದ್ದರೆ ಅದೇ ನಿಜವಾದ ಲೆನ್ಸ್, ಬೇರೆಯದು ಕೊಂಡವರೆಲ್ಲ ದುಡ್ಡು ಸಾಲದೆ ರಾಜಿಯಾದವರು ಅಂತ. (ಎಂಎಂ ಅಂದರೆ ಫೋಕಲ್ ಲೆಂತ್, ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ.) ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಹಗುರವಾದ ಎಫ್/6.3 ಪ್ರೈಮ್ (ಜೂಮ್ ಆಗದ) ಲೆನ್ಸೇ ಸರಿಯಾದ ವಿನ್ಯಾಸ. ಕೈಯಲ್ಲಿ ದುಡ್ಡಿದ್ದರೂ ಅದೇ ಸರಿ.

ಲೆಕ್ಕ ಸುಲಭ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ದಾರಿಯ ಅಗಲ ಸಿಗುತ್ತದೆ. 600 ಅನ್ನು 4ರಿಂದ ಭಾಗಿಸಿದರೆ 150 ಎಂಎಂ. 6.3ರಿಂದ ಭಾಗಿಸಿದರೆ ಸುಮಾರು 95. ಟೆಲಿಫೋಟೋದಲ್ಲಿ ಮುಂದಿನ ಗಾಜು ಕನಿಷ್ಠ ಅಷ್ಟು ಅಗಲ ಇರಲೇಬೇಕು. ಎಷ್ಟೇ ಜಾಣ ಎಂಜಿನಿಯರ್ ಆದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಗಾಜಿನ ಅಗಲ ಎರಡು ಪಟ್ಟಾಗಿ, ದಪ್ಪವೂ ಅದೇ ಅಳತೆಯಲ್ಲಿ ಬೆಳೆದರೆ ತೂಕ ಎಂಟು ಪಟ್ಟಾಗುತ್ತದೆ. ಆ ಗಾಜನ್ನು ಅಲುಗಾಡದಂತೆ ಹಿಡಿಯಲು ಇನ್ನಷ್ಟು ಲೋಹ ಬೇಕು.

ಬೆಲೆ ಏರುವುದೂ ಇಲ್ಲೇ. ದೊಡ್ಡ ಗಾಜಿನ ತುಂಡು ಒಂದು ಗುಳ್ಳೆಯೂ ಇಲ್ಲದೆ ಬರಬೇಕು. ಬಣ್ಣದ ಅಂಚು ಕಾಣದಂತೆ ಮಾಡಲು ಹಲವು ಕಡೆ ಫ್ಲೋರೈಟ್ ಬಳಸುತ್ತಾರೆ. ಅದನ್ನು ಕುಲುಮೆಯಲ್ಲಿ ನಿಧಾನವಾಗಿ ಹರಳಾಗಿ ಬೆಳೆಸಬೇಕು. ತುಂಬಾ ಮೆತ್ತಗಿನ ವಸ್ತು, ಬಿಸಿ ಥಂಡಿ ಒಮ್ಮೆಲೇ ಬದಲಾದರೆ ಬಿರುಕು ಬಿಡುತ್ತದೆ. ಕ್ಯಾನನ್ 1969ರಲ್ಲೇ ಕೃತಕ ಫ್ಲೋರೈಟ್ ಹಾಕಿದ 300 ಎಂಎಂ ಲೆನ್ಸ್ ಮಾರುಕಟ್ಟೆಗೆ ತಂದಿತ್ತು. ಇಷ್ಟು ವರ್ಷವಾದರೂ ಆ ಹರಳು ಅಗ್ಗವಾಗಿಲ್ಲ.

ಹಾಗಂತ ಎಫ್/4 ತಯಾರಿಸುವವರು ಸುಮ್ನೆ ಕೂತಿಲ್ಲ. ಅವರ ಕೆಲಸ ನೋಡಿದರೆ ನನಗೆ ನಿಜಕ್ಕೂ ಗೌರವ ಮೂಡುತ್ತದೆ. ಕ್ಯಾನನ್‌ನ 600 ಎಫ್/4 ಐಎಸ್ (ಕೈ ನಡುಕ ಸರಿಪಡಿಸುವ) ಲೆನ್ಸ್ 1999ರಲ್ಲಿ ಬಂದಾಗ 5360 ಗ್ರಾಂ ಇತ್ತು. ಎರಡನೇ ಆವೃತ್ತಿ 3920. 2018ರ ಮೂರನೆಯದು 3050. ಅದೇ 600, ಅದೇ ಎಫ್/4, ಎರಡು ಕಿಲೋಗೂ ಜಾಸ್ತಿ ಇಳಿದಿದೆ! ಹೇಗೆ? ಮುಂದಿನ ಗಾಜಿನಿಂದ ಒಳಗೆ ಹೋದ ಬೆಳಕು ಹಿಂದೆ ಹೋಗುತ್ತಾ ಕಿರಿದಾಗುತ್ತದೆ. ಮೊದಲೆಲ್ಲ ಮುಂದಿನ ಗಾಜಿನ ಬೆನ್ನಿಗೇ ಇನ್ನೊಂದೆರಡು ದೊಡ್ಡ ಗಾಜು ಕೂರಿಸುತ್ತಿದ್ದರು. ಈಗ ನಡುವೆ ದೊಡ್ಡ ಜಾಗ ಖಾಲಿ ಬಿಟ್ಟು, ಉಳಿದ ಗಾಜನ್ನೆಲ್ಲ ಹಿಂದಕ್ಕೆ ತಳ್ಳಿದ್ದಾರೆ. ಅಲ್ಲಿ ಚಿಕ್ಕ ಗಾಜೇ ಸಾಕು. ಇದರಿಂದ ತೂಕವೂ ಇಳಿಯಿತು, ಭಾರ ಕ್ಯಾಮೆರಾ ಕಡೆಗೂ ಸರಿಯಿತು. ಈ ಎರಡನೆಯ ಲಾಭ ಕೈಗೆ ಎತ್ತಿದಾಗಲೇ ಗೊತ್ತಾಗುವುದು. ಮೂತಿ ಭಾರವಾದ ಲೆನ್ಸ್ ಎಡಗೈಯನ್ನು ಬೇಗ ಸೋಲಿಸುತ್ತದೆ. ತೂಕ ಅಷ್ಟೇ ಇದ್ದು ಹಿಂದಕ್ಕೆ ಸರಿದಿದ್ದರೆ ಹಾರುವ ಹಕ್ಕಿಯ ಜೊತೆ ಲೆನ್ಸ್ ತಿರುಗಿಸುವುದು ಎಷ್ಟೋ ಸುಲಭ.

ಆದರೂ ಮೂರು ಕಿಲೋ ಮೂರು ಕಿಲೋನೇ, ಅಲ್ವಾ? 150 ಎಂಎಂ ಗಾಜು ಇರುವವರೆಗೆ ಇದಕ್ಕಿಂತ ಬಹಳ ಕೆಳಗೆ ಹೋಗುವುದು ಕಷ್ಟ.

ಈಗ ಇನ್ನೊಂದು ದಾರಿ ನೋಡಿ. ನಿಕಾನ್‌ನ 600 ಎಫ್/6.3 ಲೆನ್ಸ್ 2023ರಲ್ಲಿ ಬಂತು. ಟ್ರೈಪಾಡ್ ಕಾಲರ್ (ಟ್ರೈಪಾಡ್‌ಗೆ ಕೂರಿಸುವ ಪಟ್ಟಿ) ಸೇರಿ 1470 ಗ್ರಾಂ. ಅದೇ ಕಂಪನಿಯ 600 ಎಫ್/4, ಒಳಗೇ ಟೆಲಿಕನ್ವರ್ಟರ್ (ಫೋಕಲ್ ಲೆಂತ್ ಹೆಚ್ಚಿಸುವ ಗಾಜು) ಇರುವುದು, 3260 ಗ್ರಾಂ. ಎಫ್/6.3ರ ಉದ್ದ 278 ಎಂಎಂ, ಎಫ್/4ರದು 437. ಬಿಡುಗಡೆಯಾದಾಗ ಬೆಲೆಯಲ್ಲಿ ಮೂರು ಪಟ್ಟಿಗೂ ಜಾಸ್ತಿ ಅಂತರ. ಈ ಗಿಡ್ಡ ಮೈಗೆ ಕಾರಣ ಒಳಗಿನ ಫೇಸ್ ಫ್ರೆನೆಲ್ ಗಾಜು. ಸಣ್ಣ ಸಣ್ಣ ಮೆಟ್ಟಿಲಿನಂಥ ವೃತ್ತಗಳಿರುವ ಈ ಗಾಜು ಬಣ್ಣಗಳನ್ನು ಮಾಮೂಲಿ ಗಾಜಿಗೆ ಉಲ್ಟಾ ದಿಕ್ಕಿನಲ್ಲಿ ಚದುರಿಸುತ್ತದೆ. ಎರಡೂ ಸೇರಿದರೆ ಬಣ್ಣದ ದೋಷ ಕಳೆದುಹೋಗುತ್ತದೆ. ಲೆನ್ಸನ್ನು ಗಿಡ್ಡ ಮಾಡಿದಷ್ಟೂ ಬಣ್ಣದ ದೋಷ ಹೆಚ್ಚುವುದರಿಂದ ಇದು ತುಂಬಾ ದೊಡ್ಡ ಸಹಾಯ. ಕ್ಯಾನನ್ 2001ರಲ್ಲೇ 400 ಎಫ್/4 ಡಿಒ ಲೆನ್ಸ್‌ನಲ್ಲಿ ಇದೇ ತತ್ವ ಬಳಸಿತ್ತು. ಇದಕ್ಕೂ ಒಂದು ಬೆಲೆ ತೆರಬೇಕು. ಎದುರಿಗೆ ಜೋರಾದ ದೀಪ ಅಥವಾ ಸೂರ್ಯ ಇದ್ದರೆ ಅದರ ಸುತ್ತ ಬಳೆಯಂಥ ಮಸುಕು ಬೆಳಕು ಕಾಣಬಹುದು. ನನ್ನ ಮಟ್ಟಿಗೆ ಒಪ್ಪಬಹುದಾದ ಬೆಲೆ. ಅದು ಬೇಡ ಅನ್ನುವವರಿಗೆ ಸಿಗ್ಮಾದ 500 ಎಫ್/5.6 ಇದೆ. ಆ ಗಾಜಿಲ್ಲದೆಯೇ 1400 ಗ್ರಾಂ ಒಳಗೆ ಮುಗಿಸಿದ್ದಾರೆ.

ಕಳೆದುಕೊಳ್ಳುವುದು ಎಷ್ಟು? ಒಂದೂ ಕಾಲು ಸ್ಟಾಪ್‌ಗಿಂತ ಚೂರು ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಎಫ್/4ರಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) 1600 ಇಟ್ಟ ಕಡೆ ಎಫ್/6.3ಕ್ಕೆ 4000 ಬೇಕು. ಫಿಲ್ಮ್ ಕಾಲದಲ್ಲಿ ಇದು ಸಾವು ಬದುಕಿನ ಪ್ರಶ್ನೆ, ಯಾಕೆಂದರೆ ಒಳ್ಳೆಯ ಸ್ಲೈಡ್ ಫಿಲ್ಮ್ ಐಎಸ್‌ಒ 50, 100ರ ಆಸುಪಾಸಿನದು. ಆಮೇಲೆ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಬಂದರೂ ಅದರ ಹೆಚ್ಚಿನ ಫೋಕಸ್ ಪಾಯಿಂಟ್‌ಗಳು ಎಫ್/5.6 ದಾಟಿದರೆ ಕೆಲಸ ಮಾಡುತ್ತಿರಲಿಲ್ಲ. ಟೆಲಿಕನ್ವರ್ಟರ್ ಹಾಕಿದರೆ ಎಫ್ ಸಂಖ್ಯೆ ಏರುತ್ತದೆ, ಹಾಗಾಗಿ ಅದರ ಆಸೆ ಇದ್ದವರಿಗೆ ಎಫ್/4 ಬೇಕೇ ಬೇಕಿತ್ತು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಎಫ್/11ರಲ್ಲೂ ಫೋಕಸ್ ಮಾಡುತ್ತವೆ. ಐಎಸ್‌ಒ 4000ರ ಫೋಟೋ ಚೆನ್ನಾಗಿಯೇ ಬರುತ್ತದೆ. ಕಾರಣ ಹೋಗಿದೆ, ನಂಬಿಕೆ ಮಾತ್ರ ಉಳಿದಿದೆ.

ಎಫ್/4 ನಿಜವಾಗಿ ಬೇಕಾದವರು ಇದ್ದಾರೆ. ಬೆಳಗಾಗುವ ಮುಂಚೆ ದಟ್ಟ ಕಾಡಿನಲ್ಲಿ ಕೂರುವವರು, ರಾತ್ರಿ ಪಂದ್ಯ ತೆಗೆಯುವ ಪತ್ರಿಕಾ ಛಾಯಾಗ್ರಾಹಕರು. ಹಿನ್ನೆಲೆ ಅಷ್ಟು ಮೆತ್ತಗೆ ಕರಗುವುದೂ ದೊಡ್ಡ ಅಪರ್ಚರ್‌ನಲ್ಲೇ (ಬೆಳಕು ಬರುವ ಅಗಲದ ದಾರಿ). ಅವರ ಬಗ್ಗೆ ನನ್ನ ತಕರಾರಿಲ್ಲ. ನಡೆದು ಹೋಗಿ, ಕೈಯಲ್ಲೇ ಹಿಡಿದು ಫೋಟೋ ತೆಗೆಯುವ ಉಳಿದವರಿಗೆ ಆ ತೂಕ ಫೋಟೋದ ಗುಣಮಟ್ಟವನ್ನೇ ತಿನ್ನುತ್ತದೆ. ಸೋತ ಕೈ ನಡುಗುತ್ತದೆ. ಹಕ್ಕಿ ಕಂಡ ಕ್ಷಣದಲ್ಲಿ ಲೆನ್ಸ್ ಟ್ರೈಪಾಡ್ ಮೇಲೆಯೋ ಚೀಲದಲ್ಲೋ ಇರುತ್ತದೆ. ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅನ್ನುವ ಉತ್ಸಾಹವೇ ಉಳಿಯುವುದಿಲ್ಲ. ದೂರ ಹೆಚ್ಚಾದರೆ ನಡುವಿನ ಬಿಸಿ ಗಾಳಿಯೇ ಚಿತ್ರವನ್ನು ಕಲಕಿಬಿಡುತ್ತದೆ. ಅಲ್ಲಿ ಯಾವ ಎಫ್/4 ಕೂಡ ಉಪಯೋಗಕ್ಕೆ ಬರುವುದಿಲ್ಲ.

ತೂಕದ ಅಂಕಿ ಓದುವಾಗಲೂ ಹುಷಾರು. ಮೇಲೆ ಹೇಳಿದ ನಿಕಾನ್ ಲೆನ್ಸ್‌ಗೆ 1390 ಅಂತಲೂ ಒಂದು ಅಂಕಿ ಇದೆ, ಅದು ಕಾಲರ್ ಬಿಟ್ಟ ಲೆಕ್ಕ. ದೊಡ್ಡ ಲೆನ್ಸ್‌ಗಳ ಹುಡ್ (ಮುಂದೆ ಹಾಕುವ ನೆರಳು ಕೊಳವೆ) ತೂಕ ಸಾಮಾನ್ಯವಾಗಿ ಈ ಅಂಕಿಯಲ್ಲಿ ಸೇರಿರುವುದಿಲ್ಲ.

ನನ್ನ ನಿಜವಾದ ಬೇಸರ ತಯಾರಕರ ಮೇಲೆ. ಕಡಿಮೆ ಬೆಲೆಗೆ ಹಗುರ ಲೆನ್ಸ್ ಮಾಡಿದಾಗ ಬೇಡವಾದ ಕಡೆ ಕೈ ಬಿಗಿ ಹಿಡಿಯುತ್ತಾರೆ. ಕ್ಯಾನನ್‌ನ 800 ಎಫ್/11 ಬರೀ 1260 ಗ್ರಾಂ. ಅದೇ ಕಂಪನಿಯ ಹಳೆಯ 800 ಎಫ್/5.6ರ ಬೆಲೆಯ ಹತ್ತನೇ ಒಂದು ಪಾಲೂ ಇಲ್ಲ. ಧೈರ್ಯದ ವಿನ್ಯಾಸ, ಮೆಚ್ಚಲೇಬೇಕು. ಆದರೆ ಮಳೆ, ಧೂಳು ತಡೆಯುವ ಸೀಲಿಂಗ್ ಇಲ್ಲ. ಹೊರಗೆ ಬಯಲಲ್ಲೇ ಬಳಸುವ ಲೆನ್ಸ್‌ಗೆ ಅದಿಲ್ಲ ಅಂದರೆ ಹೇಗೆ? ಸಿಗ್ಮಾದ 150-600 ಜೂಮ್‌ನ ಎರಡು ಮಾದರಿಗಳಲ್ಲಿ ಸೀಲಿಂಗ್ ಪೂರ್ತಿ ಬೇಕೆಂದರೆ 1930 ಗ್ರಾಂನ ಕಂಟೆಂಪೊರರಿ ಬಿಟ್ಟು 2860 ಗ್ರಾಂನ ಸ್ಪೋರ್ಟ್ಸ್ ಹೊರಬೇಕಿತ್ತು. ನಾಲ್ಕು ರಬ್ಬರ್ ಪಟ್ಟಿಗೆ ಅಷ್ಟು ತೂಕ ಬರುವುದಿಲ್ಲ. ಒಳ್ಳೆಯ ಸೀಲಿಂಗ್ ಅನ್ನು ಭಾರದ, ದುಬಾರಿ ಮಾದರಿಗೇ ಮೀಸಲಿಡುವುದು ವ್ಯಾಪಾರದ ನಿರ್ಧಾರ, ಭೌತಶಾಸ್ತ್ರದ್ದಲ್ಲ.

ಪ್ಲಾಸ್ಟಿಕ್ ಕೊಳವೆ ಕೊಡಿ, ಪರವಾಗಿಲ್ಲ. ಅಪರ್ಚರ್ ಚಿಕ್ಕದು ಕೊಡಿ, ನಾವು ಐಎಸ್‌ಒ ಏರಿಸಿಕೊಳ್ಳುತ್ತೇವೆ. ಗಾಜು ಚೆನ್ನಾಗಿರಲಿ, ನೀರು ಒಳಗೆ ಹೋಗದಿರಲಿ, ಒಂದೂವರೆ ಕಿಲೋ ಮೀರದಿರಲಿ. ಅಂಥ 600 ಎಂಎಂ ಪ್ರೈಮ್ ಲೆನ್ಸ್ ಒಂದು ಸಾಧಾರಣ ಟೆಲಿಫೋಟೋ ಜೂಮ್‌ನ ಬೆಲೆಗೆ ಬರುವ ದಿನಕ್ಕಾಗಿ ಕಾಯುತ್ತಿದ್ದೇನೆ.