ವಿಯೆನ್ನಾದಲ್ಲಿ ವಿಶ್ರಾಂತಿ, ಪ್ಯಾಂಟಿಲ್ಲದೆ

ದೂರದ ಸೈಕಲ್ ಪ್ರವಾಸ ಹೊರಟರೆ ನಡುವೆ ಯಾವುದಾದರೂ ದೊಡ್ಡ ಊರಲ್ಲಿ ನಿಂತು ವಿಶ್ರಾಂತಿ ತಗೊಳ್ಳಿ ಅಂತ ಅನುಭವಸ್ಥರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರು ಹೋಟೆಲಿನಲ್ಲಿ ಪರದೆ ಎಳೆದುಕೊಂಡು ಮಲಗುವ ಪುಣ್ಯವಂತರಿರಬೇಕು. ನಮ್ಮನೆಯವರು ಆ ಪೈಕಿ ಅಲ್ಲ. ವಿಯೆನ್ನಾದಲ್ಲಿ ವಿಶ್ರಾಂತಿಗೆಂದು ಅವರು ತಯಾರಿಸಿದ ಪಟ್ಟಿಯನ್ನು ಎರಡು ಸಲ ಮಡಚಿದರೂ ಜೇಬಿಗೆ ಹಿಡಿಸುತ್ತಿರಲಿಲ್ಲ. ಜೇಬು ಎಲ್ಲಿತ್ತು ಅನ್ನುವುದು ಬೇರೆ ಪ್ರಶ್ನೆ.

ಡ್ಯಾನ್ಯೂಬ್ ದಂಡೆ ಹಿಡಿದು ಜರ್ಮನಿಯ ಪಾಸೌನಿಂದ ಬುಡಾಪೆಸ್ಟ್‌ಗೆ ಹೊರಟಿದ್ದೆವು. ಪಾಸೌನಲ್ಲಿ ಇನ್ ಮತ್ತು ಇಲ್ಜ್ ನದಿಗಳು ಬಂದು ಡ್ಯಾನ್ಯೂಬಿಗೆ ಸೇರುತ್ತವೆ, ಅಲ್ಲಿಂದ ಮುಂದೆ ಸೈಕಲ್ ದಾರಿ ಹೆಚ್ಚುಕಡಿಮೆ ನೀರಿನ ಪಕ್ಕದಲ್ಲೇ. ಹಿಂದಿನ ಕಾಲದಲ್ಲಿ ದೋಣಿಗೆ ಹಗ್ಗ ಕಟ್ಟಿ ಹರಿವಿಗೆ ಎದುರಾಗಿ ಎಳೆಯುತ್ತಿದ್ದ ಕುದುರೆಗಳ ದಾರಿ ಅದು. ಕುದುರೆಗೆಂದು ಸಪಾಟು ಮಾಡಿದ್ದರ ಲಾಭ ನಮ್ಮ ಮಂಡಿಗೆ. ಬೆಳಿಗ್ಗೆ ಎದ್ದರೆ ಒಂದೇ ಕೆಲಸ, ನೀರು ಹೋದ ಕಡೆ ಹೋಗುವುದು. ಎಡಕ್ಕೋ ಬಲಕ್ಕೋ ಅನ್ನುವ ಚರ್ಚೆಯೇ ಇಲ್ಲದ್ದರಿಂದ ದಾಂಪತ್ಯವೂ ನೆಮ್ಮದಿಯಾಗಿತ್ತು.

ಎಡವಟ್ಟು ಶುರುವಾದದ್ದು ವಾಖಾವ್ ಕಣಿವೆಯಲ್ಲಿ. ಮೆಲ್ಕ್ ಊರಿನ ಮಠದಿಂದ ಕ್ರೆಮ್ಸ್‌ವರೆಗಿನ ಆ ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ಏಪ್ರಿಕಾಟ್ ತೋಟ. ಜುಲೈ ತಿಂಗಳು, ಹಣ್ಣಿನ ಸುಗ್ಗಿ. ಇಡೀ ಏಪ್ರಿಕಾಟನ್ನು ಹಿಟ್ಟಿನೊಳಗೆ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ನಮ್ಮ ಸಿಹಿಗಡುಬಿನ ಆಸ್ಟ್ರಿಯಾ ಶಾಖೆ ಅನ್ನಿ. ಅದನ್ನು ತಿಂದ ಖುಷಿಯಲ್ಲಿ ಗೆಸ್ಟ್‌ಹೌಸಿನ ಹಿತ್ತಲಿನ ಮರಕ್ಕೆ ಇವರ ಏಕೈಕ ನಾಗರಿಕ ಪ್ಯಾಂಟನ್ನು ಒಗೆದು ಹರವಿದೆವು. ಬೆಳಿಗ್ಗೆ ಅದನ್ನು ತೆಗೆಯಬೇಕಾಗಿದ್ದವರು ಯಾರು ಅನ್ನುವ ವಿಷಯದಲ್ಲಿ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ.

ಗೊತ್ತಾದದ್ದು ವಿಯೆನ್ನಾ ಮುಟ್ಟಿದ ಮೇಲೆ, ಶನಿವಾರ ಸಂಜೆ ಏಳಕ್ಕೆ. ಆಸ್ಟ್ರಿಯಾದಲ್ಲಿ ಶನಿವಾರ ಸಂಜೆ ಆರಕ್ಕೆ ಅಂಗಡಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸೋಮವಾರವೇ. ರೈಲ್ವೆ ನಿಲ್ದಾಣದ ಸೂಪರ್‌ಮಾರ್ಕೆಟ್ ಮಾತ್ರ ಭಾನುವಾರವೂ ಇರುತ್ತದೆ. ಅಲ್ಲಿ ಬಾಳೆಹಣ್ಣು ಸಿಕ್ಕಿತು, ಮೊಸರು ಸಿಕ್ಕಿತು.

ಹಾಗಾಗಿ ಮೊಜಾರ್ಟ್, ಬೀಥೋವನ್ ಓಡಾಡಿದ ನಗರದಲ್ಲಿ ಇವರು ಭಾನುವಾರವಿಡೀ ಸೈಕಲ್ ಚಡ್ಡಿಯಲ್ಲಿ ಓಡಾಡಿದರು. ಆ ಚಡ್ಡಿಗೆ ಕೂರುವ ಜಾಗದಲ್ಲಿ ದಪ್ಪ ಮೆತ್ತೆ ಇರುತ್ತದೆ. ಸೀಟಿನ ಮೇಲೆ ಕೂತಾಗ ಅದು ಯಾರಿಗೂ ಕಾಣುವುದಿಲ್ಲ. ಇಳಿದು ನಡೆದರೆ, ಹಿಂದಿನಿಂದ ನೋಡುವವರಿಗೆ ಪಾಪ ಈ ಮನುಷ್ಯನಿಗೆ ದಾರಿಯಲ್ಲೇ ಏನೋ ಆಗಿಹೋಗಿದೆ ಅನ್ನಿಸುತ್ತದೆ. ನಾನು ಮರ್ಯಾದೆಯಾಗಿ ಚೂಡಿದಾರ ಹಾಕಿಕೊಂಡು ನಾಲ್ಕು ಹೆಜ್ಜೆ ಮುಂದೆ ನಡೆದೆ. ನಾಲ್ಕು ಹೆಜ್ಜೆ ಹಿಂದೆ ನಡೆದರೆ ನಾನೇ ನೋಡಬೇಕಲ್ಲ.

ಪಟ್ಟಿಯಲ್ಲಿ ಮೊದಲು ಸಂತ ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರ. ಎತ್ತರ 136 ಮೀಟರ್, ನೋಡುವ ಕೋಣೆಗೆ 343 ಮೆಟ್ಟಿಲು, ಎಲ್ಲವೂ ಸುರುಳಿ ಸುರುಳಿ. ಅಷ್ಟು ದೂರ ಸೈಕಲ್ ತುಳಿದ ಕಾಲಿಗೆ ಇದೇನು ಲೆಕ್ಕ ಅಂದರು. ಹತ್ತುವುದು ಲೆಕ್ಕವಾಗಲಿಲ್ಲ, ನಿಜ. ಆದರೆ ಪೆಡಲ್ ತುಳಿಯುವಾಗ ತೊಡೆ ಬರೀ ನೂಕುತ್ತದೆ. ಮೆಟ್ಟಿಲಿಳಿಯುವಾಗ ಮೈಭಾರವನ್ನು ತಡೆದು ತಡೆದು ಬಿಡಬೇಕು, ಆ ಅಭ್ಯಾಸ ಅದಕ್ಕೆ ತಪ್ಪಿಹೋಗಿತ್ತು. ಕೆಳಗೆ ಬರುವಷ್ಟರಲ್ಲಿ ಇಬ್ಬರ ಮಂಡಿಯೂ ತಂಬೂರಿ ಮೀಟುತ್ತಿದ್ದವು. ಹಿಂದೆ ಬರುತ್ತಿದ್ದ ಶಾಲಾ ಮಕ್ಕಳು ದಾರಿ ಬಿಡಿ ಅಂತ ಕೇಳಲೂ ಸಂಕೋಚಪಟ್ಟರು.

ರಿಂಗ್ ರಸ್ತೆಯಲ್ಲಿ ಕುಂಟುತ್ತಾ ಹೋಗುತ್ತಿದ್ದಾಗ ಹಿಂದಿನಿಂದ ಟ್ರಿಣ್ ಅಂತ ಬೆಲ್. ನಾವಿದ್ದದ್ದು ಸೈಕಲ್ ಪಥದ ಮೇಲೆ. ಹಿಂದಿನ ದಿನದವರೆಗೆ ಹೀಗೆ ಅಡ್ಡ ಬಂದ ಪ್ರವಾಸಿಗರಿಗೆಲ್ಲ ಅಪ್ಪಟ ಕನ್ನಡದಲ್ಲಿ ಬುದ್ಧಿ ಹೇಳುತ್ತಿದ್ದವರು ಇವರು. ಆ ಸೈಕಲ್ಲಿನ ಅಜ್ಜಿ ಜರ್ಮನ್‌ನಲ್ಲಿ ಹೇಳಿದ್ದೂ ಅದನ್ನೇ ಇರಬೇಕು, ಧಾಟಿ ಒಂದೇ ಇತ್ತು.

ಕುನ್ಸ್ಟ್‌ಹಿಸ್ಟೋರಿಷೆಸ್ ಅನ್ನುವ ಕಲಾ ಮ್ಯೂಸಿಯಂ 1891ರಲ್ಲಿ ತೆರೆದದ್ದು, ಒಳಗೆಲ್ಲ ಅಮೃತಶಿಲೆ. ಇವರ ಸೈಕಲ್ ಬೂಟಿನ ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ತುಂಡು. ಟಕ್, ಟಕ್, ಟಕ್. ಕಾವಲಿನವರು ಒಬ್ಬರಾದ ಮೇಲೊಬ್ಬರು ತಿರುಗಿ ನೋಡಿದರು. ಮೊದಲು ಬೂಟು, ಆಮೇಲೆ ಚಡ್ಡಿ, ಆಮೇಲೆ ಕನಿಕರದಿಂದ ನನ್ನ ಮುಖ. ಹದಿನಾರನೇ ಶತಮಾನದ ಚಿತ್ರಕಾರ ಹಿರಿಯ ಬ್ರೂಗಲ್‌ನ ಚಿತ್ರಗಳಿರುವ ಕೋಣೆಗೆ ಬಂದಾಗ ಇವರು ಒಂದು ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ. ಹಳ್ಳಿ ಮದುವೆಯ ಊಟ. ಕಳಚಿದ ಬಾಗಿಲನ್ನೇ ಹಲಗೆ ಮಾಡಿಕೊಂಡು ಇಬ್ಬರು ಅದರ ಮೇಲೆ ಗಂಜಿಯ ಬಟ್ಟಲುಗಳನ್ನು ಸಾಲಾಗಿ ಹೊತ್ತು ತರುತ್ತಿದ್ದಾರೆ. ಇವರಲ್ಲಿ ಇಷ್ಟೊಂದು ಕಲಾಸಕ್ತಿ ಇತ್ತೇ ಅಂತ ನನಗೇ ಬೆರಗು. "ಆ ಮೂಲೆ ಬಟ್ಟಲು ತುಂಬಿದೆ ನೋಡು" ಅಂದರು.

ನಮ್ಮ ಹೊಟ್ಟೆಗೆ ರಜೆಯ ಸುತ್ತೋಲೆ ತಲುಪಿರಲಿಲ್ಲ. ಸೈಕಲ್ ನಿಂತಿದೆ, ಹಸಿವು ಮಾತ್ರ ಅದೇ ವೇಗದಲ್ಲಿ ಓಡುತ್ತಿದೆ. ಒಂದು ಹಳೇ ಕಾಫಿಹೌಸ್ ಹೊಕ್ಕೆವು. ಮರದ ಕೋಲಿಗೆ ಸಿಕ್ಕಿಸಿದ ಪತ್ರಿಕೆ, ಕಾಫಿಯ ಪಕ್ಕ ತಟ್ಟೆಯಲ್ಲೇ ಒಂದು ಲೋಟ ನೀರು. ಒಂದು ಕಾಫಿ ಹೇಳಿ ಎಷ್ಟು ಹೊತ್ತು ಕೂತರೂ ಎಬ್ಬಿಸದಿರುವುದು ವಿಯೆನ್ನಾದ ಸಂಪ್ರದಾಯ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಕುಡಿದು ಬೆಳೆದ ನಮಗೆ ಇದು ದಕ್ಕಲೇ ಇಲ್ಲ. ಕೇಕ್ ಮೇಲೆ ಕೇಕ್ ತರಿಸಿದೆವು. ಕಪ್ಪು ಕೋಟಿನ ವೇಟರ್ ಒಂದು ಹುಬ್ಬನ್ನೂ ಅಲುಗಿಸದೆ ತಂದಿಟ್ಟ. ಬಿಲ್ ನೋಡಿ ಅಲುಗಿದ್ದು ನಮ್ಮ ಹುಬ್ಬು.

ರಾತ್ರಿ ಪುರಭವನದ ಮುಂದಿನ ಮೈದಾನ. ಬೇಸಿಗೆಯಲ್ಲಿ ಅಲ್ಲಿ ದೊಡ್ಡ ಪರದೆಯ ಮೇಲೆ ಒಪೆರಾ, ಸಂಗೀತ ಕಛೇರಿಗಳನ್ನು ಉಚಿತವಾಗಿ ತೋರಿಸುತ್ತಾರೆ. ಉಚಿತ ಅಂದಮೇಲೆ ಪಟ್ಟಿಯಲ್ಲಿ ಇರಲೇಬೇಕು. ನಾಯಕಿ ಸಾಯಲು ಶುರುಮಾಡಿ ಬಹಳ ಹೊತ್ತಾದರೂ ಹಾಡುತ್ತಲೇ ಇದ್ದಳು. ಗಟ್ಟಿ ಕುರ್ಚಿ. ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿದೆ, ಮುಂದಿನ ಸಾಲಿನ ಸೂಟು ತೊಟ್ಟ ಯಜಮಾನರು ಕೋಟು ಬಿಚ್ಚಿ ಮಡಚಿ ಅದರ ಮೇಲೆ ಕೂತರು, ಪಕ್ಕದವರು ಎದ್ದೇ ಹೋದರು. ಇವರು ಮಾತ್ರ ಮೆತ್ತೆಯ ಮೇಲೆ ಮಹಾರಾಜರ ಹಾಗೆ ವಿರಾಜಮಾನರಾಗಿದ್ದರು.

"ನಾಳೆ ಬೆಳಿಗ್ಗೆ ಮೊದಲು ಪ್ಯಾಂಟ್ ಅಂಗಡಿ" ಅಂದೆ.

"ಯಾಕೆ, ಏನಾಯ್ತು ಈಗ?" ಅಂದರು, ಪರದೆಯಿಂದ ಕಣ್ಣು ಕೀಳದೆ.